ಬೇಕಲದ ಆಕಾಶದ ಏಳು ಕಪ್ಪು ಚುಕ್ಕಿ: ಬ್ಲೋವರ್, ಸ್ವಾಬ್ ಬಳಸಿ ನೋಡಿದ್ದು

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಕ್ಯಾಮೆರಾ ಶುಚಿ ಮಾಡಲು ತಂದ, ಗಾಳಿ ಊದುವ 320 ರೂಪಾಯಿಯ ರಬ್ಬರ್ ಬ್ಲೋವರಿಗೆ ಐದಕ್ಕೆ ಐದು. ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್, ಅದನ್ನು ಒರೆಸುವ 750 ರೂಪಾಯಿಯ ಸ್ವಾಬ್ ಕಡ್ಡಿಗಳ ಪ್ಯಾಕೆಟ್ಟಿಗೆ ಮೂರೂವರೆ. ಅದರ ಜೊತೆ ಪುಕ್ಕಟೆ ಬಂದ ಬ್ರಶ್ಶಿಗೆ ಸೊನ್ನೆ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಕಸುಬು ಸೊಸೈಟಿ ಬ್ಯಾಂಕಿನ ಲೆಕ್ಕ, ಹುಚ್ಚು ಯಕ್ಷಗಾನದ ಫೋಟೋ. ಮಾರ್ಚ್ ಕೊನೆಗೆ ಒಂದು ಭಾನುವಾರ ಬೇಕಲ ಕೋಟೆಗೆ ಹೋಗಿ, ಕಡಲು, ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಬರೀ ಆಕಾಶ ಎಂದು ಮೂವತ್ತು ಫೋಟೋ ತೆಗೆದೆ. ಸಂಜೆ ಕಂಪ್ಯೂಟರಿನಲ್ಲಿ ತೋರಿಸಿದರೆ ಭಾವ ಕೇಳಿದ, "ಎಂತರ ಭಾವ ಅದು, ಆಕಾಶಲ್ಲಿ ಕಪ್ಪು ಕಪ್ಪು? ಕಾಕೆಯೋ?" ಏಳು ಕಾಗೆ. ಮೂವತ್ತು ಫೋಟೋದಲ್ಲೂ ಅದೇ ಜಾಗದಲ್ಲಿ, ಒಂದು ಕೂದಲೆಳೆಯಷ್ಟೂ ಕದಲದೆ.

ತಲೆ ಕೆಡಿಸಿದ್ದು ಬೇರೆ ವಿಷಯ. ಹಿಂದಿನ ಶನಿವಾರವಷ್ಟೇ ಇಡೀ ರಾತ್ರಿ ಆಟದ (ಯಕ್ಷಗಾನದ) ಫೋಟೋ ತೆಗೆದಿದ್ದೆ. ಅದರಲ್ಲಿ ಒಂದು ಚುಕ್ಕಿಯೂ ಇಲ್ಲ. ಹಾಗಾದರೆ ವಾರದೊಳಗೆ ಕ್ಯಾಮೆರಾ ಹಾಳಾಯಿತೆ?

ಪೇಟೆಯ ಒಂದು ಅಂಗಡಿಗೆ ಒಯ್ದೆ. ಹೆಸರು ಬೇಡ. ಅಲ್ಲಿದ್ದವರು ಲೆನ್ಸ್ ಬಿಚ್ಚಿಯೂ ನೋಡಲಿಲ್ಲ, ಫೋಟೋ ನೋಡಿದ್ದೇ "ಸೆನ್ಸರ್ ಹೋಗಿದೆ ಸರ್, ಹದಿನಾಲ್ಕು ಸಾವಿರ ಆಗ್ತದೆ" ಎಂದರು. ಏಳು ವರ್ಷದ ಹಳೇ ಕ್ಯಾಮೆರಾಕ್ಕೆ ಹದಿನಾಲ್ಕು ಸಾವಿರ! ಬ್ಯಾಗಿಗೆ ಹಾಕಿಕೊಂಡು ವಾಪಸು ಬಂದೆ. ಆ ಸಿಟ್ಟೇ ಒಳ್ಳೆಯದಾಯಿತು.

ಮನೆಯಲ್ಲಿ ಮಾಡಿದ ಪರೀಕ್ಷೆ ಇಷ್ಟೆ. ಕಂಪ್ಯೂಟರಿನಲ್ಲಿ ಖಾಲಿ ಬಿಳಿ ಪರದೆ ತೆರೆದು, ಫೋಕಸ್ ಬೇಕೆಂದೇ ತಪ್ಪಿಸಿ, ಐಎಸ್‌ಒ 100 (ಬೆಳಕಿಗೆ ಚುರುಕು ಕಡಿಮೆ), ಎಫ್ 22 (ಲೆನ್ಸಿನ ಕಂಡಿ ತೀರಾ ಸಣ್ಣ) ಇಟ್ಟು, ಶಟರ್ ತೆರೆದಿರುವಾಗ ಕ್ಯಾಮೆರಾವನ್ನು ಸ್ವಲ್ಪ ಆಚೀಚೆ ಆಡಿಸುತ್ತಾ ಒಂದು ಫೋಟೋ. ಪರದೆಯ ಕೊಳೆಯಾದರೆ ಆಡಿಸಿದಾಗ ಕದಡಿ ಹೋಗುತ್ತದೆ, ಕ್ಯಾಮೆರಾದೊಳಗಿನದ್ದು ಕೂತಲ್ಲೇ ಕೂತಿರುತ್ತದೆ. ಏಳೂ ಕೂತಿದ್ದವು. 18-55 ತೆಗೆದು 50 ಎಂಎಂ ಲೆನ್ಸ್ ಹಾಕಿದೆ. ಆಗಲೂ ಅದೇ ಏಳು, ಅದೇ ಜಾಗ. ಅಲ್ಲಿಗೆ ಲೆನ್ಸ್ ನಿರಪರಾಧಿ. ಕೊನೆಗೆ ಎಫ್ 2.8ಕ್ಕೆ ತಂದೆ. ಎಲ್ಲ ಮಾಯ!

ಆಟದ ಫೋಟೋದಲ್ಲಿ ಕಾಣದ್ದು ಯಾಕೆಂದು ಆಗ ಗೊತ್ತಾಯಿತು. ಧೂಳು ಕೂರುವುದು ಸೆನ್ಸರಿನ ಮೇಲೇ ಅಲ್ಲ, ಅದರ ಮುಂದಿರುವ ತೆಳು ಗಾಜಿನ ಮೇಲೆ. ನಮಗೆ ಕಾಣುವುದು ಅದರ ನೆರಳು. ಮಳೆಗಾಲದ ಮೋಡದಡಿ ಅಡಕೆಮರಕ್ಕೆ ನೆರಳೇ ಇಲ್ಲ, ಬೇಸಗೆಯ ಬಿಸಿಲಿಗೆ ಗೆರೆ ಎಳೆದ ಹಾಗೆ ಬೀಳುತ್ತದಲ್ಲ, ಅದೇ ಲೆಕ್ಕ. ಆಟದ ಕತ್ತಲಿಗೆ ಇಡುವ ಎಫ್ 2.8ರಲ್ಲಿ ಬೆಳಕು ಅಗಲ ಕಂಡಿಯಿಂದ ಎಲ್ಲ ಕಡೆಯಿಂದಲೂ ಬಂದು ನೆರಳನ್ನು ಅಳಿಸುತ್ತದೆ. ಬೇಕಲದ ಬಿಸಿಲಿಗೆ ಇಡುವ ಎಫ್ 16ರಲ್ಲಿ ಸಣ್ಣ ತೂತಿನಿಂದ ಬರುವುದರಿಂದ ಚುಕ್ಕಿ ಎದ್ದು ಕಾಣುತ್ತದೆ. ಸಾಲದ್ದಕ್ಕೆ ಆಟದ ಫೋಟೋದಲ್ಲಿ ವೇಷದ ಬಣ್ಣ, ಕತ್ತಲೆ, ಸಾವಿರ ಗೆರೆ. ಚುಕ್ಕಿಯನ್ನು ಹುಡುಕುವವರು ಯಾರು?

ಧೂಳು ಬಂದದ್ದಾದರೂ ಆಟದಿಂದಲೇ. ಕೊಯ್ಲಾದ ಗದ್ದೆಯ ಮಣ್ಣು, ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಹಾರುವ ಪೌಡರು, ರಾಕ್ಷಸರ ಬಣ್ಣದ ವೇಷ ಬರುವಾಗ ಪಂಜಿಗೆ ಎರಚುವ ರಾಳದ ಪುಡಿ. ಇದರ ನಡುವೆ ನಿಂತು ರಾತ್ರಿಗೆ ನಾಲ್ಕು ಸಲ ಲೆನ್ಸ್ ಬದಲಿಸಿದವನು ನಾನೇ.

ಈಗ ಬ್ಲೋವರ್. ಇದರ ಹಿಂಬದಿಯಲ್ಲಿ ಗಾಳಿ ಎಳೆಯುವ ಬೇರೆಯೇ ಕವಾಟವಿದೆ. ಕೊಳ್ಳುವಾಗ ಅದನ್ನೇ ನೋಡಿ. ಇಲ್ಲದಿದ್ದರೆ ಮೂತಿಯಿಂದಲೇ ಧೂಳು ಎಳೆದು ಅದನ್ನೇ ಮರಳಿ ಉಗುಳುತ್ತದೆ. ಹೊಸತನ್ನು ಅಂಗಳದಲ್ಲಿ ಇಪ್ಪತ್ತು ಸಲ ಒತ್ತಿ ಒಳಗಿನ ಪುಡಿ ಕಳೆದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಸೆನ್ಸರಿನ ಮುಂದಿರುವ ಕನ್ನಡಿಯನ್ನು ಮೆನುವಿನಿಂದ ಮೇಲೆತ್ತಿಸಿ, ಕ್ಯಾಮೆರಾದ ಬಾಯಿ ನೆಲಕ್ಕೆ ಮಾಡಿ ಊದಿದೆ. ಬಚ್ಚಲು ಮನೆಯಲ್ಲಿ, ಬಿಸಿನೀರಿನ ಹಬೆ ಇಳಿದ ಮೇಲೆ. ಅಲ್ಲಿ ಧೂಳು ಕಡಿಮೆ. ಅಮ್ಮ ಹೊರಗಿಂದ "ಎಂತ ಮಾಡ್ತಾ ಇದ್ದೆ ಮಾರಾಯ" ಎಂದು ಎರಡು ಸಲ ಕೇಳಿದರು. ಏಳರಲ್ಲಿ ನಾಲ್ಕು ಹೋಯಿತು. 320 ರೂಪಾಯಿ ಅಲ್ಲಿಗೇ ವಸೂಲು. ಬಾಯಿಂದ ಮಾತ್ರ ಊದಬೇಡಿ, ಉಗುಳು ಬೀಳುತ್ತದೆ. ಡಬ್ಬಿಯ ಸ್ಪ್ರೇ ಗಾಳಿಯೂ ಬೇಡ, ಕೆಲವೊಮ್ಮೆ ದ್ರವವೇ ಚಿಮ್ಮುತ್ತದೆ.

ಉಳಿದ ಮೂರು ಅಂಟಿಕೊಂಡಿದ್ದವು. ನನ್ನ ಗುಮಾನಿ ರಾಳದ ಮೇಲೆ. ಪ್ಯಾಕೆಟ್ಟಿನಲ್ಲಿ ಹತ್ತು ಸ್ವಾಬ್, ಸಣ್ಣ ಬಾಟಲಿಯಲ್ಲಿ ದ್ರವ. ನನ್ನ ಸೆನ್ಸರಿನ ಎತ್ತರ 15.6 ಮಿಲಿಮೀಟರ್, ಸ್ವಾಬಿನ ಅಗಲ 16. ಒಂದು ಎಳೆತಕ್ಕೆ ಮುಗಿಯಬೇಕು. ಮೊದಲನೆಯದಕ್ಕೆ ನಾಲ್ಕು ಹನಿ ಹಾಕಿದ್ದು ತಪ್ಪು, ಒಣಗಿದಾಗ ಗಾಜಿನ ಮೇಲೆ ಗೀಟು ಎದ್ದಿತು. ಎದೆ ಧಸಕ್ಕೆಂದಿತು. ಎರಡನೆಯದಕ್ಕೆ ಎರಡೇ ಹನಿ. ಎಡದಿಂದ ಬಲಕ್ಕೆ ಒಂದು ಸಲ, ಮಗುಚಿ ಬಲದಿಂದ ಎಡಕ್ಕೆ ಒಂದು ಸಲ. ಗೀಟೂ ಹೋಯಿತು, ಎರಡು ಚುಕ್ಕಿಯೂ ಹೋಯಿತು. ಮೂರನೆಯದರಿಂದ ಏನೂ ಆಗಲಿಲ್ಲ. ಮೂಲೆಯ ಒಂದು ಈಗಲೂ ಇದೆ. ಎಷ್ಟು ಹನಿ ಎಂದು ಕಾಗದದಲ್ಲಿ ಎಲ್ಲೂ ಬರೆದಿಲ್ಲ, ಒಂದೂವರೆ ಅಂಕ ಕಡಿದದ್ದು ಅದಕ್ಕೇ.

ಒಂದು ವಿಷಯದಲ್ಲಿ ನಾನೂ ಮೂರ್ಖನಾದೆ. ಫೋಟೋದ ಎಡ ಮೇಲ್ಮೂಲೆಯ ಚುಕ್ಕಿಯನ್ನು ಟಾರ್ಚ್ ಹಾಕಿ ಸೆನ್ಸರಿನ ಎಡ ಮೇಲ್ಮೂಲೆಯಲ್ಲೇ ಹುಡುಕುತ್ತಿದ್ದೆ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಮುಂದಿನಿಂದ ನೋಡುವಾಗ ಅದು ಇರುವುದು ಎಡ ಕೆಳಮೂಲೆಯಲ್ಲಿ.

ಫ್ಲ್ಯಾಶ್ ಹಾಕಿ ತೆಗೆದ ಫೋಟೋದ ಕೆಳಗೆ ಅರ್ಧಚಂದ್ರದ ಹಾಗೆ ಕಪ್ಪು ಬಂದರೆ ಇದ್ಯಾವುದೂ ಬೇಡ, ಲೆನ್ಸಿನ ಮೂತಿಗೆ ಹಾಕುವ ಬಳೆಯಂಥ ಹುಡ್ ಕಳಚಿದರೆ ಸಾಕು. ಮೊನ್ನೆಯ ಉಪನಯನದಲ್ಲಿ ಅರ್ಧ ಗಂಟೆ ಅದಕ್ಕೇ ಹೋಯಿತು.

ಬ್ರಶ್ಶಿನಿಂದ ಈಗ ಕೀಬೋರ್ಡ್ ಒರೆಸುತ್ತೇನೆ. ಬ್ಲೋವರನ್ನು ಭಾವ ತನ್ನ ಶ್ರುತಿಪೆಟ್ಟಿಗೆಯ ಧೂಳು ಹಾರಿಸಲು ಒಯ್ದವನು ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದರೂ ಹಿಂದೆ ಕೊಟ್ಟಿಲ್ಲ. ಇನ್ನೊಂದು ತರಿಸಿದ್ದೇನೆ.