ಗಾರ್ಮಿನ್ ಕೇಡೆನ್ಸ್ ಸೆನ್ಸರ್ 2: ಏರಿನಲ್ಲಿ ಮಂಡಿಗೆ ಬೀಳುವ ಹೊರೆಯ ಲೆಕ್ಕ

ಸೈಕಲ್ಲಿನಲ್ಲಿ ನಂದಿ ಬೆಟ್ಟ ಹತ್ತಿಬಂದ ಮರುದಿನ ಮೆಟ್ಟಿಲಿಳಿಯುವಾಗಲೆಲ್ಲ ಬಲ ಮಂಡಿಚಿಪ್ಪಿನ ಸುತ್ತ ಕಾಣಿಸಿಕೊಳ್ಳುತ್ತಿದ್ದ ನೋವಿಗೆ ಕಾರಣ ಹುಡುಕುತ್ತ ಈ ಸೆನ್ಸರನ್ನು ಕೊಂಡೆ. ಎಡ ಕ್ರ್ಯಾಂಕಿಗೆ, ಅಂದರೆ ಪೆಡಲನ್ನು ಹಿಡಿದಿರುವ ತೋಳಿಗೆ, ರಬ್ಬರ್ ಪಟ್ಟಿಯಿಂದ ಬಿಗಿಯುವ ಈ ಪುಟ್ಟ ಸಾಧನಕ್ಕೆ ಅಯಸ್ಕಾಂತ ಬೇಕಿಲ್ಲ. ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತೆಂಬುದನ್ನು (ಇದನ್ನೇ ಕೇಡೆನ್ಸ್ ಎನ್ನುವುದು) ತಾನೇ ಗ್ರಹಿಸಿ ಸೈಕಲ್ ಕಂಪ್ಯೂಟರಿಗೋ ಫೋನಿಗೋ ಕಳಿಸುತ್ತದೆ. ಸಿಆರ್ 2032 ಬ್ಯಾಟರಿ ಎಲ್ಲೆಡೆ ಸಿಗುತ್ತದೆ.

ಆ ಸುತ್ತಿನ ಸಂಖ್ಯೆಗೂ ಮಂಡಿಗೂ ನೇರ ನಂಟಿದೆ. 170 ಮಿ.ಮೀ. ಕ್ರ್ಯಾಂಕಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದು 150 ವ್ಯಾಟ್ ಶಕ್ತಿ ಹೊರಡಿಸಬೇಕಾದರೆ ಪೆಡಲಿನ ಮೇಲೆ ಸರಾಸರಿ 140 ನ್ಯೂಟನ್ ಬಲ ಬೀಳಬೇಕು. 90 ಸುತ್ತು ತುಳಿದರೆ ಅದೇ ಶಕ್ತಿಗೆ ಸುಮಾರು 94 ಸಾಕು. ತೊಡೆಯ ಮುಂಭಾಗದ ಸ್ನಾಯು ಬಲವಾಗಿ ಎಳೆದಷ್ಟೂ ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುವುದರಿಂದ, ಹಗುರ ಗೇರಿನಲ್ಲಿ ಬೇಗ ತುಳಿದಾಗ ಪ್ರತಿ ತುಳಿತದ ಹೊರೆ ಇಳಿಯುತ್ತದೆ. ಬದಲಿಗೆ ಉಸಿರಿನ ಮೇಲೆ ಭಾರ ಬೀಳುವುದು ನಿಜ, ಆದರೆ ಅದು ಇಳಿಜಾರಿನಲ್ಲಿ ತೀರುವ ದಣಿವು.

ಸಮತಟ್ಟಾದ ರಸ್ತೆಯಲ್ಲಿ ನನ್ನ ಸಂಖ್ಯೆ 85ರ ಆಸುಪಾಸಿನಲ್ಲಿದ್ದು, ಸವಾರಿಯ ಸರಾಸರಿ ನೋಡಿದರೆ ದೋಷವೇ ಕಾಣುತ್ತಿರಲಿಲ್ಲ. ಬೆಟ್ಟದ ತಿರುವುಗಳಲ್ಲಿ ಮಾತ್ರ ಅದು 52ಕ್ಕೆ ಕುಸಿಯುತ್ತಿತ್ತು. ಮುಂದೆ 34, ಹಿಂದೆ 28 ಹಲ್ಲುಗಳ ಗೇರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಏರುವವನಿಗೆ ಅದಕ್ಕಿಂತ ಹೆಚ್ಚು ಸುತ್ತು ಸಾಧ್ಯವೇ ಇಲ್ಲವೆಂಬುದು ಆಗ ಹೊಳೆಯಿತು. ನಾನು ಅಲ್ಲಿಯವರೆಗೆ ಕಾಲಿನ ಬಲ ಸಾಲದೆಂದೇ ತಿಳಿದಿದ್ದೆ. ಗೇರ್ ಬದಲಿಸುವ ಹಿಂಬದಿಯ ಡಿರೈಲರ್ ತಾಳುತ್ತದೆಯೇ ಎಂದು ಖಚಿತಪಡಿಸಿಕೊಂಡು 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಜೋಡಣೆ) ಹಾಕಿಸಿದ ಮೇಲೆ ಅದೇ ವೇಗಕ್ಕೆ 63 ಸುತ್ತು ಬರುತ್ತಿದೆ, ಮೆಟ್ಟಿಲಿನ ನೋವು ಬಹುಮಟ್ಟಿಗೆ ತಗ್ಗಿದೆ.

ಸೀಟಿನ ಎತ್ತರದ ವಿಷಯದಲ್ಲಿ ಈ ಸಾಧನ ಏನನ್ನೂ ಹೇಳಲಾರದು. ಸೀಟು ತಗ್ಗಾಗಿದ್ದರೆ ಮಂಡಿ ಅತಿಯಾಗಿ ಮಡಚಿ, ಎಷ್ಟು ಬೇಗ ತುಳಿದರೂ ಚಿಪ್ಪಿನ ಹಿಂದೆ ಒತ್ತಡ ಉಳಿಯುತ್ತದೆ; ಪೆಡಲ್ ಕೆಳತುದಿಯಲ್ಲಿದ್ದಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಾತ್ರ ಬಾಗಿರುವಂತೆ ಮೊದಲು ಸರಿಪಡಿಸಿಕೊಳ್ಳಬೇಕು. ನೋವಿನ ಜೊತೆ ಊತವಿದ್ದರೆ ವೈದ್ಯರಿಗೇ ತೋರಿಸಬೇಕು.

ಸಮತಟ್ಟಿನಲ್ಲಷ್ಟೇ ಓಡಿಸುವವರು ಇದನ್ನು ಕೊಳ್ಳಬೇಕಿಲ್ಲ. ಬಲ ಮಂಡಿ 30 ಸೆಕೆಂಡಿನಲ್ಲಿ ಎಷ್ಟು ಸಲ ಮೇಲೇರಿತೆಂದು ಎಣಿಸಿ ಎರಡರಿಂದ ಗುಣಿಸಿದರೆ ಸಾಕು. ಏರಿನಲ್ಲಿ ಹಾಗೆ ಎಣಿಸಲು ಗಮನ ಉಳಿಯುವುದಿಲ್ಲವಾದ್ದರಿಂದ, ಬೆಟ್ಟ ಹತ್ತುವವರಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.