ಮುಟ್ಟು ನಿಂತ ಮೇಲೆ ಉರಿ, ನೋವು ಇದೆಯಾ? ಲೇಸರ್ ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ಓದಿ

ಮುಟ್ಟು ನಿಂತು ಕೆಲವು ವರ್ಷ ಆದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಮ್ಮನಿಗೋ ಅತ್ತೆಗೋ ಓದಿ ಹೇಳಿದರೂ ಸರಿ.

ನನಗೆ ಮೂತ್ರಕ್ಕೆ ಹೋದಾಗಲೆಲ್ಲ ಉರಿ. ಕೆಳಗೆ ಒಣಗಿ ಬಿಗಿದ ಹಾಗೆ. ನಡೆಯುವಾಗ ಬಟ್ಟೆ ತಾಗಿದರೂ ನೋವು. ಗಂಡನ ಜೊತೆ ಸೇರುವುದೆಂದರೆ ಭಯ. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಪ್ರತಿ ಸಲವೂ "ಯೂರಿನ್ ಇನ್‌ಫೆಕ್ಷನ್, ನೀರು ಜಾಸ್ತಿ ಕುಡೀರಿ" ಅಂತ ಆಂಟಿಬಯಾಟಿಕ್ ಬರೆದರು. ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ ಅಂತ ಬಂದಾಗಲೂ ಮತ್ತದೇ ಮಾತ್ರೆ. ಒಬ್ಬರೂ ಮಲಗಿಸಿ ಪರೀಕ್ಷೆ ಮಾಡಲಿಲ್ಲ. ಕೇಳಿದರೆ "ವಯಸ್ಸಾಯ್ತಲ್ಲಮ್ಮ" ಅನ್ನುವ ಉತ್ತರ.

ಆಮೇಲೆ ಹೋದದ್ದು ಬೆಂಗಳೂರಿನ ಒಂದು ಕಾಸ್ಮೆಟಿಕ್ ಕ್ಲಿನಿಕ್ಕಿಗೆ. ಯೋನಿಯೊಳಗೆ ಲೇಸರ್ ಮಾಡಿಸಿದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದು ಪೂರ್ತಿ ಪ್ಯಾಕೇಜಿನ ಹಣ ಮುಂಚೆಯೇ ಕಟ್ಟಿಸಿಕೊಂಡರು. ಮೊದಲ ಸಿಟ್ಟಿಂಗ್ ಆದ ಮೇಲೆ ಉರಿ ಇನ್ನೂ ಹೆಚ್ಚಾಯಿತು. ಹಣ ವಾಪಸ್ ಬರಲಿಲ್ಲ. ಈ ಲೇಸರ್‌ನಿಂದ ಸುಟ್ಟ ಗಾಯ, ಹೋಗದ ನೋವು ಆದದ್ದಿದೆ ಎಂದು ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿತ್ತು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಕೆಲವರಿಗೆ ನಿಜವಾದ ಲೇಸರ್ ಕೊಟ್ಟರು, ಉಳಿದವರಿಗೆ ಕೊಟ್ಟ ಹಾಗೆ ಮಾಡಿದರು ಅಷ್ಟೆ. ವರ್ಷದ ನಂತರ ನೋಡಿದರೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕ್ಲಿನಿಕ್ಕಿನಲ್ಲಿ ಇದನ್ನೆಲ್ಲ ಯಾರು ಹೇಳುತ್ತಾರೆ?

ಕೊನೆಗೆ ಒಬ್ಬ ಹೆಂಗಸರ ಡಾಕ್ಟರು ನೆಟ್ಟಗೆ ಪರೀಕ್ಷೆ ಮಾಡಿದರು. ಒಳಗಿನ ಚರ್ಮ ಬಿಳಿಚಿಕೊಂಡು ತೆಳ್ಳಗಾಗಿತ್ತಂತೆ. ಸಣ್ಣ ಕಾಗದದ ಪಟ್ಟಿಯೊಂದನ್ನು ಒಳಗೆ ತಾಗಿಸಿ, ಬಣ್ಣ ಬದಲಾದದ್ದನ್ನು ನನಗೇ ತೋರಿಸಿದರು. ಪಿಎಚ್, ಅಂದರೆ ಹುಳಿ ಎಷ್ಟಿದೆ ಎಂಬ ಅಳತೆ, 4.5 ದಾಟಿತ್ತು. ಅದು ಏರಿದಷ್ಟೂ ಹುಳಿ ಕಡಿಮೆ ಎಂದರ್ಥ. ಮುಟ್ಟು ನಿಂತು ಈಸ್ಟ್ರೋಜನ್ ಎಂಬ ಹಾರ್ಮೋನ್ ಕಡಿಮೆಯಾದಾಗ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಹುಳಿ ಅಂಶ ಇಳಿಯುತ್ತದೆ. ಅದಕ್ಕೇ ಕೆಲವರಿಗೆ ಮೂತ್ರದ ಸೋಂಕೂ ಪದೇ ಪದೇ ಬರುತ್ತದೆ. ಯೋನಿಯ ಒಳಚರ್ಮ ಹೀಗೆ ತೆಳ್ಳಗಾಗಿ ಒಣಗುವುದಕ್ಕೆ ವಜೈನಲ್ ಅಟ್ರೋಫಿ ಅನ್ನುತ್ತಾರೆ. ಮುಟ್ಟು ನಿಲ್ಲುವಾಗ ಮೈ ಬಿಸಿಯೇರಿ ಬೆವರುವುದು ಕಾಲಕ್ರಮೇಣ ಕಡಿಮೆಯಾಗಬಹುದು. ಆದರೆ ಈ ಒಣಗುವ ತೊಂದರೆ ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ತಾನಾಗಿ ಹೋಗುವುದಿಲ್ಲ.

ನನಗೆ ಕೊಟ್ಟದ್ದು ಒಳಗೆ ಹಚ್ಚುವ ಕಡಿಮೆ ಡೋಸಿನ ಈಸ್ಟ್ರೋಜನ್ ಕ್ರೀಮು. ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ. ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಗುಣ ಗೊತ್ತಾಗಲು ಕೆಲವು ವಾರ ಬೇಕು, ನಿಲ್ಲಿಸಿದರೆ ತೊಂದರೆ ಮರಳಬಹುದು. ಹಾರ್ಮೋನ್ ಬೇಡ ಅನ್ನುವವರಿಗೆ ಯೋನಿಗೆಂದೇ ಇರುವ ಮಾಯಿಶ್ಚರೈಸರ್, ಜೆಲ್ ಇವೆ. ಸೋಪು, ಡೆಟಾಲ್, ಪರಿಮಳದ ವಾಶ್ ಹಾಕಿ ತೊಳೆಯಬೇಡಿ, ಉರಿ ಹೆಚ್ಚುತ್ತದೆ.

ಸ್ತನ ಕ್ಯಾನ್ಸರ್ ಆಗಿದ್ದವರು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಈ ಕ್ರೀಮು ಶುರು ಮಾಡಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಒಣಗಿದ್ದಕ್ಕೇ ಇರಬೇಕು ಅಂದುಕೊಂಡು ಕೂರಬೇಡಿ. ಗರ್ಭಕೋಶದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗಬೇಕು, ತಡಮಾಡದೆ ಪರೀಕ್ಷೆ ಮಾಡಿಸಿ.