ದಾವಣಗೆರೆಯ ಒಂದು ಹೋಂ ನರ್ಸಿಂಗ್ ಸೇವೆ: ನಾಲ್ಕು ತಿಂಗಳ ಅನುಭವ

ಅವ್ವನಿಗೆ 81 ವರ್ಷ. ದೀಪಾವಳಿಯ ಮರುದಿನ ಬಲಭಾಗಕ್ಕೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ವಿನೋಬನಗರದ ಮನೆಗೆ ಕರೆತಂದ ಮೇಲೆ, ನಾನು ಅಂಚೆ ಕಚೇರಿಗೆ ಹೋದರೆ ಅವಳನ್ನು ನೋಡಿಕೊಳ್ಳುವವರಿಲ್ಲ. ಕೆಲಸ ಬಿಟ್ಟರೆ ಇಬ್ಬರಿಗೂ ಊಟವಿಲ್ಲ. ಹೋಂ ನರ್ಸ್ ಕಳಿಸುವ ಸಂಸ್ಥೆಯೊಂದಕ್ಕೆ ಫೋನ್ ಮಾಡಿದೆ. ಅದರ ಹೆಸರು ಬರೆಯುವುದಿಲ್ಲ.

ಮುಂಗಡ 10,000 ರೂಪಾಯಿ, ತಿಂಗಳಿಗೆ 21,000. ದಿನದ 24 ಗಂಟೆಯೂ ಮನೆಯಲ್ಲೇ ಇರುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳು ಕೊಡಬೇಕಾದ ಜೀವನಾಂಶಕ್ಕೆ ಹಾಕಿರುವ ಮಿತಿ ತಿಂಗಳಿಗೆ 10,000. ನ್ಯಾಯಮಂಡಳಿಯಲ್ಲಿ ಗೆದ್ದು ಬಂದ ತಾಯಿಗೂ ಈ ದರದಲ್ಲಿ ಹದಿನೈದು ದಿನದ ಆರೈಕೆ ಗಿಟ್ಟುವುದಿಲ್ಲ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಫೋನ್ ಮಾಡಿದ ದಿನ ಸಂಜೆಯೇ ಒಬ್ಬರು ಬಂದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪಲಿಲ್ಲ, ಬೆನ್ನಿನಲ್ಲಿ ಹುಣ್ಣಾಗಲಿಲ್ಲ. ಮೈ ಒರೆಸುವಾಗ ಒರೆಸುವ ಭಾಗವನ್ನಷ್ಟೇ ತೆರೆದು ಉಳಿದದ್ದಕ್ಕೆ ಚಾದರ ಹೊದಿಸುತ್ತಿದ್ದರು. ಇದನ್ನು ಕಲಿಸಿ ಕಳಿಸಿದ್ದಾರೆ, ಸಂತೋಷ.

ಎರಡನೆಯವಳು ಜಗಳೂರು ಕಡೆಯಿಂದ ಬಂದಳು. ಮೂರನೇ ದಿನ ನನ್ನನ್ನು ಅಡುಗೆಮನೆಗೆ ಕರೆದು, "ಅಕ್ಕ, ಅಜ್ಜಿ ನೀರಿಗೆ ಕೆಮ್ಮುತ್ತಾರೆ, ಗಟ್ಟಿ ಗಂಜಿಗೆ ಕೆಮ್ಮುವುದಿಲ್ಲ" ಎಂದಳು. ಡಾಕ್ಟರನ್ನು ಕೇಳಿದೆ. ಲಕ್ವದಲ್ಲಿ ನುಂಗುವ ಶಕ್ತಿ ಕುಂದುತ್ತದೆ, ತೆಳುವಾದದ್ದು ಶ್ವಾಸನಾಳಕ್ಕೆ ಜಾರಬಹುದು ಎಂದರು. ಆಮೇಲೆ ಆಕೆ ಅವ್ವನನ್ನು ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ, ಎಡದವಡೆಯ ಕಡೆಗೆ ಅರ್ಧ ಚಮಚ ಇಡುತ್ತಿದ್ದಳು. ಗಂಟಲ ಮೇಲೆ ಎರಡು ಬೆರಳಿಟ್ಟು, ನುಂಗಿದ್ದು ಬೆರಳಿಗೆ ತಿಳಿದ ಮೇಲೆಯೇ ಮುಂದಿನ ಚಮಚ. ಪಕ್ಕದ ಮನೆಯವರು ಮಂಡಕ್ಕಿ, ಮಿರ್ಚಿ ತಂದ ಸಂಜೆ ಅವ್ವ ತಟ್ಟೆಯಿಂದ ಕಣ್ಣು ಕೀಳಲಿಲ್ಲ. ಆಕೆ ಒಂದು ಹಿಡಿ ಮಂಡಕ್ಕಿಯನ್ನು ಮೊಸರಿನಲ್ಲಿ ನೆನೆಸಿ, ನುಣ್ಣಗೆ ಕಿವುಚಿ ತಿನ್ನಿಸಿದಳು. ದಾವಣಗೆರೆಯವರ ನಾಲಿಗೆ, ಅದಕ್ಕೆ ಲಕ್ವ ಹೊಡೆದಿರಲಿಲ್ಲ.

ಇಪ್ಪತ್ತಾರನೇ ದಿನ ಸಂಸ್ಥೆಯವರು ಆಕೆಯನ್ನು ಬೇರೆ ಮನೆಗೆ ಹಾಕಿದರು. ಒಂದೇ ಮನೆಯಲ್ಲಿ ಬಹಳ ದಿನ ಇದ್ದರೆ ಸಲಿಗೆ ಬೆಳೆಯುತ್ತದಂತೆ. ಹೊಸಬಳು ಬಂದ ಬೆಳಿಗ್ಗೆ ನಾನು ಕೆಲಸದಲ್ಲಿದ್ದೆ. ಪಾಪ, ಆಕೆಗೆ ಯಾರೂ ಹೇಳಿರಲಿಲ್ಲ. ಅವ್ವ ಕೇಳಿದಳೆಂದು ಲೋಟದಲ್ಲಿ ಚಹಾ ಕೊಟ್ಟಳು. ಕೆಮ್ಮು, ರಾತ್ರಿ ಜ್ವರ, ಮತ್ತೆ ನಾಲ್ಕು ದಿನ ವಾರ್ಡು. ಜಗಳವಾಡಲು ಹೋದರೆ ಮೇಲ್ವಿಚಾರಕರು ಫಾರಂ ತೆಗೆದು ತೋರಿಸಿದರು. "ಊಟ, ಸ್ನಾನ, ಮಾತ್ರೆ, ಡೈಪರ್, ಎಲ್ಲದಕ್ಕೂ ಟಿಕ್ ಇದೆಯಲ್ಲ ಮೇಡಂ?" ಇತ್ತು. ಗ್ಯಾಸ್ ಸಿಲಿಂಡರ್ ಬದಲಿಸಿದಂತೆ ಮನುಷ್ಯರನ್ನು ಬದಲಿಸಿದರೆ, ಹೋದವಳ ಬೆರಳಿಗೆ ಗೊತ್ತಿದ್ದದ್ದೂ ಅವಳ ಜೊತೆಗೇ ಹೋಗುತ್ತದೆ. ಅದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲ.

ಬೈಯುವಾಗ ನನ್ನನ್ನೂ ಬಿಡುವಂತಿಲ್ಲ. ಎರಡು ಗಂಟೆಗೊಮ್ಮೆ ಏಳುವವಳು ಮಲಗುವುದು ಯಾವಾಗ ಎಂದು ನಾನು ಆ ಇಪ್ಪತ್ತಾರು ದಿನವೂ ಕೇಳಲಿಲ್ಲ. ಹಣ ಕೊಡುತ್ತಿದ್ದೇನಲ್ಲ ಎಂಬ ಧೈರ್ಯ. ಹೊರಡುವ ದಿನ ಚೀಲ ಕಟ್ಟುತ್ತಾ ಹೇಳಿದಳು: 21,000ದಲ್ಲಿ ಆಕೆಗೆ ಸಿಗುವುದು 12,000, ಆರು ವರ್ಷದ ಮಗ ಊರಿನಲ್ಲಿ ಅತ್ತೆಯ ಹತ್ತಿರ, ಆ ಅತ್ತೆಗೆ ಮಂಡಿನೋವು, ಏಳಲು ಕೂರಲು ಆ ಹುಡುಗನೇ ಕೈ ಕೊಡಬೇಕು.

ಈಗ ನಾಲ್ಕನೆಯವಳು ಇದ್ದಾಳೆ. ರಾತ್ರಿ ಹತ್ತರಿಂದ ಐದರವರೆಗೆ ಮಗ್ಗುಲು ಬದಲಿಸುವುದು ನನ್ನ ಪಾಳಿ, ಭಾನುವಾರ ಮಧ್ಯಾಹ್ನದಿಂದ ಆಕೆಗೆ ಬಿಡುವು. ಸಂಸ್ಥೆಯವರು ತಕರಾರಿಲ್ಲದೆ ಒಪ್ಪಿದರು, ಅವರ ಗಂಟೇನೂ ಹೋಗುವುದಿಲ್ಲವಲ್ಲ. ಹೋಗುವವಳು ಬರುವವಳ ಜೊತೆ ಒಂದು ದಿನ ಇದ್ದು ಕಲಿಸಿ ಹೋಗಲಿ ಎಂದದ್ದಕ್ಕೆ ಮಾತ್ರ 700 ರೂಪಾಯಿ ಹೆಚ್ಚುವರಿ. ಕೊಡುತ್ತೇನೆ ಎಂದಿದ್ದೇನೆ. ನೀವೂ ಮುಂಗಡ ಕಟ್ಟುವ ಮೊದಲೇ ಈ ಮೂರನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬಂದ ಹೆಣ್ಣುಮಕ್ಕಳಿಗೆ ಐದಕ್ಕೆ ನಾಲ್ಕು ಅಂಕ, ಸಂಸ್ಥೆಗೆ ಒಂದೂವರೆ.

ಅವ್ವನ ವಿಷಯ ತಿಳಿದದ್ದನ್ನೆಲ್ಲ ಈಗ ಫಾರಂನ ಹಿಂಬದಿಯಲ್ಲಿ ಬರೆದಿಡುತ್ತೇನೆ. ಕಳೆದ ವಾರ ನಾಲ್ಕನೆಯವಳು ತಾನೇ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಳು: "ಬಲಗೈ ಎತ್ತುವ ಮೊದಲು ಹೇಳಬೇಕು, ಇಲ್ಲದಿದ್ದರೆ ಹೆದರುತ್ತಾರೆ." ಮೇಲ್ವಿಚಾರಕರು ಬಂದು ಹಾಳೆಯನ್ನು ತಿರುಗಿಸಿ ನೋಡಿದರು. "ಹಿಂದೆ ಬರೆಯಬೇಡಿ ಮೇಡಂ, ಸ್ಕ್ಯಾನ್ ಮಾಡಿದರೆ ಮುಂದಕ್ಕೆ ಮೂಡುತ್ತದೆ."